ಅಪ್ಪ ಕೊಟ್ಟಿದ್ದು ಬಿಟ್ಟಿಯಲ್ಲ

(ದೊಡ್ಡಬಳ್ಳಾಪುರದಲ್ಲಿ ಸೇರಿದ್ದ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಕವಿತೆ ಓದಿ ಅಂತ ನೀವು ನಮ್ಮನ್ನು ಕರೆದಿರಿ. ಬರುವಾಗ ಬಸ್ಸಿನಲ್ಲಿ ಹಾಳೆಗಳನ್ನ ಬಿಚ್ಚಿ ನೋಡಿಕೊಂಡೆವು. ಕಿಚ್ಚಿದೆ, ಕ್ರಾಂತಿಯಿದೆ, ಕೆಂಪು ಸೂರ್ಯನೂ ಇದ್ದಾನೆ. ಆದರೆ ನಮ್ಮಪ್ಪ ಇಲ್ಲ. ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಎಂಟನೇ ದಿನ ತೀರಿಕೊಂಡ ನಮ್ಮಪ್ಪ ನಾವು ಬರೆದ ಒಂದು ಸಾಲಿನಲ್ಲೂ ಇಲ್ಲ. ಹಾಳೆ ಮಡಚಿ ಜೇಬಿಗಿಟ್ಟೆವು. ಇವತ್ತು ಕವಿತೆ ಬೇಡ. ಅಪ್ಪನ ವಿಷಯ ಮಾತಾಡ್ತೀವಿ.

ನಾವು ಅಂದರೆ ಮೂರು ಜನ ಮಕ್ಕಳು. ಒಬ್ಬಳು ಅಕ್ಕ, ಅಣ್ಣತಮ್ಮಂದಿರು ಇಬ್ಬರು. ಮಾತಾಡ್ತಿರೋದು ಒಂದು ಬಾಯಿ, ಮಾತು ಮೂರೂ ಜನದ್ದು. ಇದು ನಮ್ಮನೆ ವಿಷಯ, ಸಭೆಯಲ್ಲಿ ಯಾಕೆ ಅಂತ ಯಾರಿಗಾದರೂ ಅನ್ನಿಸಿದರೆ ಸ್ವಲ್ಪ ಹೊತ್ತು ತಡೀರಿ. ಇಲ್ಲಿ ಕೂತಿರೋ ಬಹಳ ಜನಕ್ಕೆ ಇಂಥದೇ ಅಪ್ಪ ಇದ್ದಾನೆ.

ಅಪ್ಪ ಹುಟ್ಟಿದ ದಿನ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಜೂನ್ 1 ಅಂತ ಬರೆದರು. ನಿಮ್ಮ ಅಪ್ಪಂದಿರ ಕಾರ್ಡು ತೆಗೆದು ನೋಡಿ, ಅರ್ಧ ಜನ ಜೂನ್ 1ಕ್ಕೇ ಹುಟ್ಟಿರ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ. ಆದರೆ ಆ ಕೈಗೆ ಬಾರದ ಕೆಲಸ ಇರಲಿಲ್ಲ. ಚಪ್ಪಲಿ ಹೊಲಿಯೋದು, ಸೈಕಲ್ಲಿಗೆ ಪಂಕ್ಚರ್ ಹಾಕೋದು, ಹೆಂಚು ಹೊದಿಸೋದು, ಕುಡುಗೋಲಿಗೆ ಹಿಡಿ ಕೂರಿಸೋದು, ಮಂಚಕ್ಕೆ ಹಗ್ಗ ಹೆಣೆಯೋದು, ತಮಟೆ ಬಿಗಿಯೋದು, ಬೋರಿನೊಳಗಿಂದ ಮೋಟರು ಎತ್ತೋದು. ಕೆಟ್ಟದ್ದು ಏನು ಕಂಡರೂ ಅಪ್ಪನ ಕೈ ಸುಮ್ಮನಿರ್ತಿರಲಿಲ್ಲ. ಮದುವೆಗೆ ಹೋದರೆ ಊಟದ ಸಾಲಿನಲ್ಲಿ ಅಲ್ಲಾಡೋ ಬೆಂಚಿಗೆ ಮೊಳೆ ಹೊಡೆದು ಆಮೇಲೆ ಎಲೆ ಮುಂದೆ ಕೂರೋನು.

ಅಪ್ಪನ ಕೈಗಿಂತ ಮುಂಚೆ ತಾತನ ಕೈ ವಿಷಯ ಹೇಳಬೇಕು. ತಾತನ ಕಾಲಕ್ಕೆ ನಮ್ಮ ಸೀಮೆಯಲ್ಲಿ ಕಪಿಲೆ ಬಾವಿಗಳಿದ್ದವು. ಎತ್ತು ಕಟ್ಟಿ ಇಳಿಜಾರಿಗೆ ಹೊಡೆದರೆ ಹಗ್ಗ ಎಳೀತದೆ, ಬಾವಿಯೊಳಗಿಂದ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರ್ತದೆ. ಆ ಚೀಲ ಹೊಲೀತಿದ್ದವರು ಯಾರು? ನಮ್ಮ ಮಾದಿಗರ ಕೇರಿಯವರು. ಸತ್ತ ದನ ಹೊತ್ತು ತಂದು, ಸುಲಿದು, ಸುಣ್ಣದಲ್ಲಿ ನೆನೆಹಾಕಿ, ತಂಗಡಿ ಚಕ್ಕೆಯ ನೀರಿನಲ್ಲಿ ಹದ ಮಾಡಿ, ಹೊಲಿದು ಕೊಡಬೇಕು. ಹೊಲಿದು ಕೊಟ್ಟ ಮೇಲೆ ಬಾವಿಕಟ್ಟೆ ಹತ್ತಬಾರದು. ಸುಗ್ಗಿ ಬಂದಾಗ ಕಣದ ತುದಿಯಲ್ಲಿ ನಿಂತರೆ ಸೆರಗಿಗೆ ಒಂದಷ್ಟು ರಾಗಿ ಸುರೀತಾರೆ. ಅದಕ್ಕೆ ಆಯ ಅಂತ ಹೆಸರು. ಅಳತೆ ಅವರದು, ಹೊತ್ತು ಅವರದು, ಕೊಡೋದು ಬಿಡೋದು ಅವರ ಇಷ್ಟ. ನಮ್ಮ ತೊಗಲು ಬಾವಿಗಿಳೀಬಹುದು, ನಮ್ಮ ಬಿಂದಿಗೆ ಇಳೀಬಾರದು. ಗೆಳೆಯರೇ, ಈ ನ್ಯಾಯವನ್ನ ಯಾವ ಶಾಸ್ತ್ರದ ಪಂಡಿತನಾದರೂ ನಮಗೆ ಬಿಡಿಸಿ ಹೇಳಲಿ.

ಕಪಿಲೆ ಹೋಯಿತು, ಬೋರು ಬಂತು. 1980ರ ದಶಕದಲ್ಲಿ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದರು. ಹಳ್ಳಿ ಹಳ್ಳಿಗೂ ಬೋರು ಕೊರೆಸಿ ಕೈಪಂಪು ಹಾಕಿಸಿದರು. ಜನ ಅವರನ್ನ ಪ್ರೀತಿಯಿಂದ ನೀರ್ ಸಾಬ್ ಅಂದರು. 1988ರಲ್ಲಿ ಅವರು ತೀರಿಕೊಂಡರು, ಹೆಸರು ಮಾತ್ರ ಹಳ್ಳಿಗಳಲ್ಲಿ ಉಳೀತು. ಆಗ ಬಂದ ಪಂಪಿನ ಹೆಸರು ಇಂಡಿಯಾ ಮಾರ್ಕ್ 2. ಯುನಿಸೆಫ್ ನೆರವಿನಲ್ಲಿ 1970ರ ದಶಕದಲ್ಲಿ ನಮ್ಮ ದೇಶದಲ್ಲೇ ರೂಪಿಸಿದ್ದು. ಅದನ್ನ ರಿಪೇರಿ ಮಾಡೋ ಗ್ಯಾಂಗಿಗೆ ಅಪ್ಪ ಕೂಲಿಯಾಗಿ ಸೇರಿಕೊಂಡ. ಪೈಪು ಹೊತ್ತುಕೊಂಡೇ ಕೆಲಸ ಕಣ್ಣಲ್ಲಿ ಕಲಿತ. ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ.

ಈ ಪಂಪಿನ ಒಳಗು ಹೇಗಿದೆ ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹೊರಗೆ ಕಾಣೋದು ಹಿಡಿ. ಹಿಡಿಗೆ ಒಳಗೆ ಸರಪಳಿ, ಸರಪಳಿಗೆ ಕಬ್ಬಿಣದ ರಾಡು. ಒಂದಕ್ಕೊಂದು ಕೂಡಿಸಿದ ರಾಡುಗಳು ಆಳಕ್ಕೆ ಇಳೀತವೆ. ಕೊನೆಯಲ್ಲಿ ನೀರಿನೊಳಗೆ ಒಂದು ಸಿಲಿಂಡರು. ಆ ಸಿಲಿಂಡರಿನಲ್ಲಿ ನೀರನ್ನ ಹಿಡಿದು ಮೇಲೆ ತಳ್ಳೋದು ಬಟ್ಟಲಿನ ಹಾಗಿರೋ ವಾಷರು. ಆ ಕಾಲದ ಪಂಪುಗಳಲ್ಲಿ ಆ ವಾಷರು ತೊಗಲಿನದು. ರಬ್ಬರಿನದು ಬಂದದ್ದು ಆಮೇಲೆ. ತೊಗಲು ಸವೆದರೆ ಎಷ್ಟು ಹೊಡೆದರೂ ನೀರು ಬರಲ್ಲ. ಆಗ ಕಾಲು ನೆಟ್ಟು, ಪೈಪನ್ನೆಲ್ಲ ಒಂದೊಂದಾಗಿ ಮೇಲೆತ್ತಿ, ಹೊಸ ವಾಷರು ಹಾಕಿ, ಮತ್ತೆ ಇಳಿಸಬೇಕು. ಎಷ್ಟೋ ಸಲ ಆಫೀಸಿನಿಂದ ವಾಷರು ತಿಂಗಳಾದರೂ ಬರ್ತಿರಲಿಲ್ಲ. ಅಪ್ಪ ತಾತನ ರಂಪಿಗೆ ತೆಗೆದು ತಾನೇ ತೊಗಲು ಕತ್ತರಿಸಿ, ಮರದ ಗೂಟದ ಮೇಲೆ ಬಟ್ಟಲಿನಾಕಾರಕ್ಕೆ ತಟ್ಟಿ, ಎಣ್ಣೆಯಲ್ಲಿ ನೆನೆಸಿ ಕೂರಿಸೋನು.

ನಾವು ಚಿಕ್ಕವರಿದ್ದಾಗ ಊರೊಳಗಿನ ಪಂಪು ಕೆಟ್ಟಿತ್ತು. ಅಪ್ಪನ ಜೊತೆ ನೋಡೋಕೆ ಹೋಗಿದ್ದೆವು. ಆ ಪೈಪು ಒಬ್ಬರ ಕೈಲಿ ಏಳೋದಲ್ಲ. ಊರಿನ ಗಂಡಸರೂ ಕೈ ಹಾಕಬೇಕಾಯಿತು. ಅಪ್ಪನ ಕೈ, ಅದರ ಮೇಲೆ ಗೌಡರ ಕೈ, ಅದರ ಕೆಳಗೆ ಇನ್ನೊಬ್ಬರ ಕೈ. ಎಲ್ಲ ಒಂದೇ ಪೈಪಿನ ಮೇಲೆ. 'ಐಸಾ' ಅಂದರೆ ಎಲ್ಲರದೂ ಒಂದೇ ಉಸಿರು. ಮಧ್ಯಾಹ್ನದೊಳಗೆ ನೀರು ಬಂತು. ಮಕ್ಕಳೆಲ್ಲ ಕುಣಿದೆವು. ಆಗ ಒಬ್ಬ ಹೆಂಗಸು ಬಿಂದಿಗೆ ತಂದಳು. ಮೊದಲು ಹುಣಸೆಹಣ್ಣು ಹಾಕಿ ಪಂಪಿನ ಹಿಡಿಯನ್ನ ತಿಕ್ಕಿದಳು. ಮೂರು ಸಲ ನೀರು ಹುಯ್ದಳು. ಆಮೇಲೆ ಬಿಂದಿಗೆ ಇಟ್ಟಳು. ಅಪ್ಪ ಅಲ್ಲೇ ಪಾನ ಒರೆಸ್ತಾ ಕೂತಿದ್ದ.

ದಾರಿಯಲ್ಲಿ ಕೇಳಿದೆವು, 'ಅಪ್ಪಾ, ಆಯಮ್ಮ ಯಾಕೆ ತೊಳದ್ಲು?' ಅಂತ.

ಅಪ್ಪ ಬೀಡಿ ಹಚ್ಚಿ ಅಂದ: 'ಹಿಡಿ ತೊಳೀಲಿ ಬಿಡ್ರೋ ಮಕ್ಳಾ. ಒಳಗಿರೋದನ್ನ ಎಂಗೆ ತೊಳೆದಾರು? ನಿಮ್ ತಾತನ ರಂಪಿಗೇಲಿ ಕೊಯ್ದ ತೊಗಲು ಕಣ್ರೋ ಅದು.'

ಅಪ್ಪ ನಕ್ಕ. ನಮಗೆ ನಗು ಬರಲಿಲ್ಲ. ಇವತ್ತಿಗೂ ಬರಲ್ಲ.

ಐದನೇ ಕ್ಲಾಸಿಗೆ ನಾವು ಹಾಸ್ಟೆಲ್ಲು ಸೇರಿದೆವು. ರಜಕ್ಕೆ ಹೋದಾಗ ಕಂಡ ಅಪ್ಪನೇ ನಮಗೆ ಗೊತ್ತಿದ್ದ ಅಪ್ಪ. ಕೇರಿಯಲ್ಲಿ ಯಾರದ್ದೇ ಬಾಗಿಲು ಮುರೀಲಿ, ಯಾರದ್ದೇ ಸೂರು ಸೋರಲಿ, ಅಪ್ಪ ಏಣಿ ಹಾಕಿಕೊಂಡು ಹತ್ತಿರ್ತಿದ್ದ. ಕಾಸು ಕೊಡಕ್ಕೆ ಬಂದರೆ 'ಮಡೀಕೊಳ್ರವ್ವ, ಮಕ್ಕಳಿಗೆ ಏನಾರ ತಂದ್ಕೊಡಿ' ಅನ್ನೋನು. ಅವ್ವ ಒಲೆ ಮುಂದೆ ಕೂತು ಬೈಯೋಳು: 'ನಿಮ್ ಕೈ ಊರಿಗೆಲ್ಲ ಆಗ್ತದೆ. ನಮ್ಮನೆ ಕದಕ್ಕೆ ಅಗಣಿ ಇಲ್ಲ, ನೋಡಿದ್ದೀರಾ?' ನಿಜವಾಗಿ ಇರಲಿಲ್ಲ. ಅಪ್ಪ ಹಾಕ್ತೀನಿ ಹಾಕ್ತೀನಿ ಅಂತಲೇ ಹೋದ.

ನಾವು ಕಾಲೇಜಿಗೆ ಬಂದೆವು. ಪುಸ್ತಕ ಓದಿದೆವು, ಸಭೆಗೆ ಹೋದೆವು. ಬಿ. ಕೃಷ್ಣಪ್ಪನವರು ಕಟ್ಟಿದ ಸಂಘರ್ಷ ಸಮಿತಿಯ ಚರಿತ್ರೆ ಕೇಳಿದೆವು. ಬಿಟ್ಟಿ ಚಾಕರಿ ಅಂದರೇನು ಅಂತ ತಿಳೀತು. ತೋಟಿ, ತಳವಾರ, ನೀರಗಂಟಿ ಇಂಥ ವಂಶಪಾರಂಪರ್ಯದ ಚಾಕರಿಗಳನ್ನ ತೆಗೆದುಹಾಕೋ ಕಾನೂನು ನಮ್ಮ ರಾಜ್ಯದಲ್ಲಿ 1961ರಲ್ಲೇ ಆಯಿತು. ಜೀತ ರದ್ದು ಮಾಡೋ ಕಾನೂನು 1976ರಲ್ಲಿ ಬಂತು. ಕಾನೂನು ಬಂದರೂ ಕೇರಿ ತುದಿಯಲ್ಲಿ ನಿಂತು 'ಏನ್ಲಾ, ಬಾರ್ಲಾ' ಅನ್ನೋ ದನಿ ನಿಲ್ಲಲಿಲ್ಲ. ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಒಂದು ಯುಗಾದಿಗೆ ಊರಿಗೆ ಹೋದರೆ, ಅಪ್ಪ ಬಿಸಿಲಲ್ಲಿ ಕೂತು ಗೌಡರ ಮಗನ ಬೈಕು ಬಿಚ್ಚಿಕೊಂಡಿದ್ದಾನೆ. ಕೈ ತುಂಬಾ ಗ್ರೀಸು. ಕೆಲಸ ಮುಗೀತು, ಹುಡುಗ ಬೈಕು ಹತ್ತಿ ಹೊರಟ, ಅಪ್ಪ ಒಂದು ಪೈಸೆ ಈಸ್ಕೊಳ್ಳಲಿಲ್ಲ.

ನಮಗೆ ರೇಗಿತು. ಹಬ್ಬದ ದಿನ ಅನ್ನೋದನ್ನೂ ನೋಡದೆ ಅಪ್ಪನ ಮುಂದೆ ನಿಂತು ಭಾಷಣ ಮಾಡಿದೆವು. ತಾತ ಕಣದ ತುದೀಲಿ ನಿಂತ, ನೀನು ಕಣದೊಳಗೆ ಹೋಗಿ ನಿಂತಿದ್ದೀಯ, ವ್ಯತ್ಯಾಸ ಇಷ್ಟೇ ಅಂದೆವು. ಇದು ದಾನ ಅಲ್ಲ, ಗುಲಾಮಗಿರಿ ಅಂದೆವು.

ಅಪ್ಪ ಬೈಯಲಿಲ್ಲ. ಪಾನಗಳನ್ನ ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡ. 'ಓದಿದ್ದೀರ. ನೀವೇಳೋದು ಸರಿಯಾಗೇ ಇರ್ತದೆ' ಅಂದ. ಅಷ್ಟೇ.

ಇನ್ನೊಂದು ಮಾತು ಹೇಳಬೇಕು. ಇದನ್ನ ಹೇಳೋಕೇ ನಿಮ್ಮ ಮುಂದೆ ನಿಂತಿರೋದು. ಒಂದು ಸಲ ಅಪ್ಪ ನಮ್ಮನ್ನ ನೋಡೋಕೆ ಹಾಸ್ಟೆಲ್ಲಿಗೆ ಬಂದ. ಅವ್ವ ಕಟ್ಟಿಕೊಟ್ಟ ರೊಟ್ಟಿ, ಹುಚ್ಚೆಳ್ಳು ಚಟ್ನಿ ಒಂದು ಕೈಯಲ್ಲಿ. ಹೆಗಲಲ್ಲಿ ಅದೇ ಪಾನದ ಚೀಲ. ನಾವು ಕ್ಲಾಸಿನಿಂದ ಬರೋ ಹೊತ್ತಿಗೆ ಅಪ್ಪ ಬಚ್ಚಲಲ್ಲಿದ್ದ. ಆರು ನಲ್ಲಿಯಲ್ಲಿ ನಾಲ್ಕು ಸೋರ್ತಿದ್ದವು. ಒಂದನ್ನ ಬಿಚ್ಚಿ ಕೂತಿದ್ದ. ಹುಡುಗರೆಲ್ಲ ಸುತ್ತ ನಿಂತು ನೋಡ್ತಿದ್ದರು. ಹೊಸದಾಗಿ ಸೇರಿದ ಒಬ್ಬ ಹುಡುಗ, ಒಳ್ಳೇ ಷರಟು ಹಾಕಿದ್ದೋನು, ನಮ್ಮನ್ನ ಕೇಳಿದ: 'ಯಾರೋ ಇವರು, ಪ್ಲಂಬರಾ?'

ನಾವು, ಅಣ್ಣತಮ್ಮಂದಿರಿಬ್ಬರೂ ಇದ್ದೆವು. ಇಬ್ಬರ ಬಾಯಲ್ಲೂ ಒಂದೇ ಮಾತು ಬಂತು. 'ನಮ್ಮೂರೋರು' ಅಂದೆವು.

ಅಪ್ಪನಿಗೆ ಕೇಳಿಸಿತು. ತಲೆ ಎತ್ತಲಿಲ್ಲ. ಕೈ ಮಾತ್ರ ಒಂದು ಗಳಿಗೆ ನಿಂತಿತು, ಮತ್ತೆ ತಿರುಗಿಸಿತು. ಸೋರ್ತಿದ್ದ ನಾಲ್ಕೂ ನಲ್ಲಿ ಮುಗಿಸಿ, ಸರಿಯಾಗಿದ್ದ ಎರಡನ್ನೂ ಬಿಗಿ ಮಾಡಿ, ರೊಟ್ಟಿ ಗಂಟನ್ನ ನಮ್ಮ ಕೈಗೆ ಕೊಟ್ಟು, 'ಬತ್ತೀನಿ ಕಣ್ರಪ್ಪ' ಅಂತ ಹೊರಟ. ಬೇರೆಯವರ ಮಕ್ಕಳಿಗೆ ಹೇಳೋ ಹಾಗೆ ಹೇಳಿದ. ನಾವು ಆಡಿದ ಸುಳ್ಳನ್ನ ಅಪ್ಪ ಕಾಪಾಡಿದ.

ಆ ರಾತ್ರಿ ರೊಟ್ಟಿ ಇಳೀಲಿಲ್ಲ. ಆದರೂ ಅಪ್ಪನ ಹತ್ತಿರ ತಪ್ಪಾಯ್ತು ಅಂತ ಯಾವತ್ತೂ ಹೇಳಲಿಲ್ಲ.

ಗೆಳೆಯರೇ, ಬಾಬಾಸಾಹೇಬರು 'ವೇಯ್ಟಿಂಗ್ ಫಾರ್ ಎ ವೀಸಾ' ಅನ್ನೋ ಬರಹದಲ್ಲಿ ತಮ್ಮ ಅಪ್ಪನನ್ನ ನೋಡೋಕೆ ಹೋದ ಕತೆ ಹೇಳ್ತಾರೆ. 1901ರ ಬೇಸಿಗೆ. ಸತಾರ ಕಡೆಯ ಗೋರೆಗಾಂವ್ ಅನ್ನೋ ಊರಲ್ಲಿ ಬರಗಾಲದ ಜನಕ್ಕೆ ಕೆಲಸ ಕೊಡೋಕೆ ಸರ್ಕಾರ ಒಂದು ಕೆರೆ ತೋಡಿಸ್ತಿತ್ತು. ಅಲ್ಲಿ ಅಪ್ಪ ರಾಮ್‌ಜಿ ಸಕ್ಪಾಲರು ಕ್ಯಾಷಿಯರು. ಮಕ್ಕಳು ಒಳ್ಳೆ ಬಟ್ಟೆ ಹಾಕಿಕೊಂಡು ರೈಲು ಹತ್ತಿ ಮಸೂರಿನಲ್ಲಿ ಇಳಿದರು. ಬರ್ತೀವಿ ಅಂತ ಬರೆದ ಕಾಗದ ಅಪ್ಪನ ಕೈ ಸೇರಿರಲಿಲ್ಲ, ಯಾರೂ ಕರೆದೊಯ್ಯೋಕೆ ಬರಲಿಲ್ಲ. ಮಹಾರರು ಅಂತ ಗೊತ್ತಾದದ್ದೇ ಗಾಡಿಯವರು ಹಿಂದೆ ಸರಿದರು. ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿ ತಾವೇ ಹೊಡಕೊಂಡು ಹೋಗಬೇಕಾಯಿತು. ಬುತ್ತಿ ಇತ್ತು, ಕುಡಿಯೋಕೆ ನೀರು ಸಿಗಲಿಲ್ಲ. ಇಡೀ ರಾತ್ರಿ ನೀರಿಲ್ಲದೆ ಉಪವಾಸ. ಊರಿಗೆ ಕೆರೆ ತೋಡಿಸೋ ಜಾಗದಲ್ಲಿ ಅಪ್ಪ ಲೆಕ್ಕ ಬರೀತಿದ್ದಾನೆ, ಮಕ್ಕಳಿಗೆ ದಾರಿಯಲ್ಲಿ ಒಂದು ಲೋಟ ನೀರಿಲ್ಲ!

ರಾಮ್‌ಜಿಯವರು 1913ರ ಫೆಬ್ರವರಿ 2ರಂದು ತೀರಿಕೊಂಡರು. ಅದೇ ವರ್ಷ ಮಗ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯ ನೀರನ್ನ ಜನರ ಜೊತೆ ಕುಡಿದರು. ಆ ಬೊಗಸೆ ನೀರನ್ನ ನೋಡೋಕೆ ಅಪ್ಪ ಇರಲಿಲ್ಲ.

ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿ 2021ರಲ್ಲಿ ತೀರಿಹೋದ ಸಿದ್ಧಲಿಂಗಯ್ಯನವರು 'ಊರುಕೇರಿ'ಯಲ್ಲಿ ತಮ್ಮ ಅಪ್ಪ ಎತ್ತಿನ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟದ್ದನ್ನ ಕಂಡ ಹಾಗೇ ಬರೆದರು. ಮುಚ್ಚಿಡಲಿಲ್ಲ. ಅವರು ತಮ್ಮ ಅಪ್ಪನನ್ನ ನೊಗದ ಸಮೇತ ಲೋಕದ ಮುಂದೆ ನಿಲ್ಲಿಸಿದರು. ನಾವು ಒಂದು ಪಾನದ ಚೀಲಕ್ಕೆ ನಾಚಿದೆವು.

ಈಗ ಅಪ್ಪನ ಸಾವಿಗೆ ಬರ್ತೀವಿ. ಎದೆ ನೋವು ಅಂದ, ಆಸ್ಪತ್ರೆ ಸೇರೋದರೊಳಗೆ ಹೋದ. ಕೊನೆಯ ಹದಿನೈದು ವರ್ಷ ಪಂಚಾಯಿತಿಯ ನೀರು ಬಿಡೋ ಕೆಲಸ ಮಾಡಿದ. ಕೈಪಂಪುಗಳೆಲ್ಲ ಒಣಗಿದ್ದವು. ಸಾವಿರ ಅಡಿ ಕೊರೆದರೂ ಧೂಳು ಬರೋ ಕಾಲ ಬಂದಿತ್ತು. ಖಾಯಂ ಮಾಡ್ತೀವಿ ಅಂತ ಎಷ್ಟೋ ಜನ ಹೇಳಿದರು, ಆಗಲಿಲ್ಲ. ಸತ್ತ ದಿನವೂ ಬೆಳಗ್ಗೆ ಐದಕ್ಕೆ ಎದ್ದು ವಾಲ್ವು ತಿರುಗಿಸಿ ಬಂದಿದ್ದ. ಮಣ್ಣು ಮಾಡೋಕೆ ಕೇರಿ ಕೇರಿಯೇ ಬಂತು. ಪಂಕ್ಚರ್ ಅಂಗಡಿಯ ಸಾಬರು ಬಂದರು, ಪೇಟೆಯಿಂದ ಮಗ್ಗದ ಕೆಲಸದವರು ಬಂದರು. ಗೌಡರ ಮಗ ಗುದ್ದಲಿ ಹಿಡಿದು ಗುಂಡಿಯೊಳಗೆ ಇಳಿದ. ನಮಗೆ ಆಶ್ಚರ್ಯ ಆಯಿತು.

ಮೂರನೇ ದಿನ ಹಾಲುತುಪ್ಪ. ಅವತ್ತು ದೊಡ್ಡ ಗೌಡರು ಬಂದರು. ಕೇರಿಯ ತುದಿಯ ಹೊಂಗೆಮರದ ತನಕ ಬಂದು ನಿಂತರು. ನಾವು ಹೋದೆವು. 'ಒಳ್ಳೆ ಕೆಲ್ಸಗಾರ ಕಣ್ರಪ್ಪ ನಿಮ್ಮಪ್ಪ. ಅಂಥ ಕೈ ಇನ್ನು ಸಿಗಾಕಿಲ್ಲ' ಅಂದರು. ಆಮೇಲೆ ಸ್ವಲ್ಪ ತಡೆದು, 'ಆದ್ರೆ ಕಾಸಿನ ಮನುಷ್ಯ. ನಮ್ಮನೇಲಿ ಒಂದು ನಟ್ಟು ತಿರುಗಿಸಿದ್ರೂ ಕೂಲಿ ಎಣಿಸ್ಕೊಂಡೇ ಎದ್ದೋಗ್ತಿದ್ದ. ಎಷ್ಟು ವರ್ಷದ ಪರಿಚಯ, ಒಂದು ರೂಪಾಯಿ ಬಿಡಲಿಲ್ಲ' ಅಂದರು.

ನಮ್ಮ ಕಿವಿಯನ್ನ ನಾವೇ ನಂಬಲಿಲ್ಲ. ನಮ್ಮಪ್ಪ ಕಾಸಿನ ಮನುಷ್ಯನಾ? ಬೇಡ ಬೇಡ ಅಂತ ಜನರ ಕೈ ಹಿಂದಕ್ಕೆ ನೂಕ್ತಿದ್ದ ಅಪ್ಪ?

ಅವ್ವನ್ನ ಕೇಳಿದೆವು. ಮೂರು ದಿನದಿಂದ ಅಳ್ತಿದ್ದ ಅವ್ವನ ಮುಖದಲ್ಲಿ ಅವತ್ತು ಸಣ್ಣ ನಗು ಬಂತು.

'ನಿಮ್ಮಪ್ಪನ ಲೆಕ್ಕ ನಿಮಗೆ ಗೊತ್ತಿಲ್ವಾ? ನಮ್ಮನೆ ನೀರು ಕುಡಿಯೋರ ತಾವ ಕಾಸು ಈಸ್ಕೋಬಾರದು. ಕುಡೀದೇ ಇರೋರ ತಾವ ಬಿಡಬಾರದು. ಅಷ್ಟೇ. ಮದುವೆ ಆದ ವರ್ಷದಿಂದ ನೋಡಿದ್ದೀನಿ.'

ಆಗ ಒಂದೊಂದಾಗಿ ಹೊಳೀತು. ಪಂಕ್ಚರ್ ಅಂಗಡಿ ಸಾಬರು ನಮ್ಮನೆಯಲ್ಲಿ ಮುದ್ದೆ ಉಂಡೋರು. ಮಗ್ಗದವರು ಹಬ್ಬಕ್ಕೆ ಬರೋರು. ಗೌಡರ ಮಗ ಅಪ್ಪನಿಲ್ಲದ ಹೊತ್ತಲ್ಲೂ ಬಂದು 'ಅಮ್ಮೋ, ಮಜ್ಜಿಗೆ ಕೊಡಿ' ಅಂತ ಕೂರೋನು. ಅವನ ಬೈಕಿಗೆ ಕೂಲಿ ಇಲ್ಲ. ಅವನ ಅಪ್ಪನ ಮೋಟರಿಗೆ ಕೂಲಿ. ಒಂದೇ ಮನೆ, ಎರಡು ಲೆಕ್ಕ! ಊರೊಳಗೆ ಒಬ್ಬ ಬಡ ಮುದುಕಿ ಇದ್ದಳಂತೆ. ನಮ್ಮ ನೀರು ಮುಟ್ಟೋಳಲ್ಲ, ಕೂಲಿಗೆ ಕಾಸೂ ಇಲ್ಲ. ಅವಳ ನಲ್ಲಿ ಸರಿಮಾಡಿ ಅಪ್ಪ 'ಸಾಲ ಇರ್ಲಿ ಕಣಮ್ಮ, ಆದಾಗ ಕೊಡಿ' ಅಂದನಂತೆ. ಮತ್ತೆ ಕೇಳಲಿಲ್ಲ. ಆದರೂ ಬಿಟ್ಟಿ ಅನ್ನಲಿಲ್ಲ, ಸಾಲ ಅಂದ. ತಾತ ಗೌಡರಿಗೆ 'ಬುದ್ಧಿ' ಅಂತಿದ್ದ. ಅಪ್ಪ 'ಗೌಡ್ರೆ' ಅಂತಿದ್ದ. ಇದನ್ನೂ ನಾವು ಗಮನಿಸಿರಲಿಲ್ಲ.

ಗೆಳೆಯರೇ, ಅಪ್ಪ ಭಾಷಣ ಮಾಡಿದೋನಲ್ಲ, ಧಿಕ್ಕಾರ ಕೂಗಿದೋನಲ್ಲ. ಮೂವತ್ತು ವರ್ಷ ಒಬ್ಬನೇ ಒಂದು ಕಾನೂನು ನಡೆಸಿದ. ಅದಕ್ಕೆ ಪುಸ್ತಕ ಇಲ್ಲ, ಬೋರ್ಡು ಇಲ್ಲ. ಕೊಡೋದು ಬೇರೆ, ಕಿತ್ತುಕೊಳ್ಳೋದು ಬೇರೆ. ತಾತನ ಹತ್ತಿರ ಕಿತ್ತುಕೊಂಡರು. ಅಪ್ಪ ಯಾರಿಗೆ ಕೊಡಬೇಕು ಅಂತ ತಾನೇ ತೀರ್ಮಾನ ಮಾಡಿದ. ಅಂಥೋನಿಗೆ ನಾವು ಗುಲಾಮ ಅಂದೆವು, ಯುಗಾದಿ ದಿನ. 'ನೀವೇಳೋದು ಸರಿಯಾಗೇ ಇರ್ತದೆ' ಅಂತ ಅಪ್ಪ ಒಪ್ಪಿಕೊಂಡುಬಿಟ್ಟ. ಒಂದು ಮಾತು ಹೇಳಬಹುದಿತ್ತು. ನಾವು ಕೇಳಬಹುದಿತ್ತು.

ಪಾನದ ಚೀಲ ಗೋಡೆಗೆ ನೇತಾಡ್ತಿತ್ತು. ಇಳಿಸಿ ನೋಡಿದರೆ ಅರ್ಧ ಖಾಲಿ. ತಾತನ ರಂಪಿಗೆ, ಎರಡು ಪಾನ, ಒಂದು ಸುತ್ತಿಗೆ, ಅಷ್ಟೇ. ಮಿಕ್ಕಿದ್ದು? ಕೇರಿಯ ತುಂಬಾ ಹರಡಿತ್ತು. ದೊಡ್ಡ ಪೈಪ್ ಪಾನ ಒಬ್ಬರ ಮನೆಯಲ್ಲಿ, ಹಾರೆ ಒಬ್ಬರ ಮನೆಯಲ್ಲಿ, ಗರಗಸ ಇನ್ನೊಬ್ಬರ ಅಟ್ಟದ ಮೇಲೆ. ವಾಪಸು ತರೋಣ ಅಂತ ಹೊರಟೆವು. ಮೂರನೇ ಮನೆಯಲ್ಲಿ ಒಬ್ಬ ಹುಡುಗ ಅಪ್ಪನ ಸ್ಕ್ರೂಡ್ರೈವರ್ ಹಿಡಿದು ಫ್ಯಾನು ಬಿಚ್ಚಿಕೊಂಡು ಕೂತಿದ್ದ. 'ದೊಡ್ಡಪ್ಪ ಹೇಳ್ಕೊಟ್ಟಿದ್ರು' ಅಂದ. ಅಲ್ಲಿಂದಲೇ ವಾಪಸು ಬಂದೆವು. ಎಲ್ಲಿದ್ದವೋ ಅಲ್ಲೇ ಇರಲಿ ಅಂತ ಬಿಟ್ಟೆವು. ರಂಪಿಗೆ ಮಾತ್ರ ನಮ್ಮ ಹತ್ತಿರ ಇದೆ. ಮನೆ ಕದಕ್ಕೆ ಅಗಣಿ ನಾವೇ ಹಾಕಿದೆವು. ಮೂರು ಸಲ ವಾರೆಯಾಯಿತು, ಎರಡು ಬೆರಳು ಜಜ್ಜಿಹೋಯಿತು. ಅವ್ವ ನೋಡಿ 'ನಿಮ್ಮಪ್ಪ ಆಗಿದ್ರೆ' ಅಂದು ನಿಲ್ಲಿಸಿದಳು.

ನಿಮ್ಮ ಹತ್ತಿರ ಕೇಳೋದು ದೊಡ್ಡದೇನಲ್ಲ. ನಮ್ಮ ಹಾಸ್ಟೆಲ್ಲಿನ ನಲ್ಲಿ ಸೋರಿದರೆ ಅರ್ಜಿ ಬರೀರಿ, ಹಕ್ಕು ಕೇಳಿ, ಬಿಡಬೇಡಿ. ಜೊತೆಗೆ ನಲ್ಲಿ ಬಿಚ್ಚೋದನ್ನೂ ಕಲೀರಿ. ಓದಿದ ಕೈ ಕೆಲಸ ಮರೀಬೇಕಾಗಿಲ್ಲ. ನಿಮ್ಮನ್ನ ಯಾರಾದರೂ ಬಿಟ್ಟಿ ಕರೆದರೆ ಹೋಗಬೇಡಿ. ನಿಮ್ಮ ನೀರು ಕುಡಿಯೋರು ಕರೆದರೆ ತಡಮಾಡಬೇಡಿ. ರಜಕ್ಕೆ ಊರಿಗೆ ಹೋದಾಗ ಅಪ್ಪನ ಮುಂದೆ ಭಾಷಣ ಮಾಡೋಕೆ ಮುಂಚೆ ಪಕ್ಕದಲ್ಲಿ ಕೂತು ಪಾನ ಎತ್ತಿಕೊಡಿ, ಯಾರ ಹತ್ತಿರ ಕಾಸು ಈಸ್ಕೊಂಡ, ಯಾರ ಹತ್ತಿರ ಬಿಟ್ಟ, ಯಾಕೆ ಅಂತ ಕೇಳಿ. ಕೇಳಿದ್ದನ್ನ ಬರೆದಿಡಿ. ನಮ್ಮ ಅಪ್ಪಂದಿರ ಚರಿತ್ರೆಯನ್ನ ಬೇರೆ ಯಾರೂ ಬರೆಯಲ್ಲ.

ಇನ್ನೊಂದೇ ಒಂದು. ನಾಳೆಯೋ ನಾಡಿದ್ದೋ ನಿಮ್ಮ ಅಪ್ಪ ರೊಟ್ಟಿ ಗಂಟು ಹಿಡಕೊಂಡು ಈ ಗೇಟಿನ ಹತ್ತಿರ ಬಂದು ನಿಲ್ತಾನೆ. ಕಾಲಲ್ಲಿ ಹವಾಯಿ ಚಪ್ಪಲಿ, ಅಂಗಿಯಲ್ಲಿ ಗ್ರೀಸಿನ ಕಲೆ, ಇಲ್ಲಾ ಗಾರೆಯ ಕಲೆ. ಪಕ್ಕದಲ್ಲಿ ಒಳ್ಳೇ ಷರಟಿನ ಹುಡುಗ ನಿಂತು 'ಯಾರೋ ಇವರು?' ಅಂತ ಕೇಳ್ತಾನೆ.

ನಮ್ಮ ಹಾಗೆ ಮಾಡಬೇಡಿ. 'ನಮ್ಮಪ್ಪ' ಅಂತ ಹೇಳಿ. ಅಪ್ಪನಿಗೆ ಕೇಳಿಸೋ ಹಾಗೆ ಹೇಳಿ.

ಜೈ ಭೀಮ್.